ನನ್ನ ಕಾಲಿಗೂ ಸೋಮವಾರ

ಎಪ್ಪತ್ತರ ದಶಕದ ಕೊನೆಯಲ್ಲಿ ಪೊಲೀಸ್ ಕೆಲಸಕ್ಕೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆಂದು ಸುದ್ದಿ ಬಂದಾಗ, ತಮಿಳುನಾಡಿಗೆ ಸೇರಿದ ಕೆಲಮಂಗಲದ ಪಕ್ಕದ ನಮ್ಮ ಕನ್ನಡದ ಊರಲ್ಲಿ ಅರ್ಜಿ ಹಾಕಿದವಳು ನಾನೊಬ್ಬಳೇ. ಕೃಷ್ಣಗಿರಿಯ ಮೈದಾನದಲ್ಲಿ ಓಟದ ಪರೀಕ್ಷೆ. ಆ ಸಲ ತಪ್ಪಿದರೆ ನನಗೆ ವಯಸ್ಸು ಮೀರಿಹೋಗುತ್ತಿತ್ತು. ಓಡುವುದೇನು ಮಹಾ ಎಂದುಕೊಂಡು ಅಣ್ಣನ ಕ್ಯಾನ್ವಾಸ್ ಶೂಗೆ ಬಟ್ಟೆ ತುರುಕಿ, ಮೊದಲ ದಿನವೇ ಟಾರು ರಸ್ತೆಯ ಮೇಲೆ ಮೂರು ಮೈಲಿ ಓಡಿದೆ. ಮರುದಿನ ನಾಲ್ಕು. ನನ್ನ ಬಾಯಿಗೆ ಹೆದರಿ ಯಾರೂ ಬುದ್ಧಿ ಹೇಳಲಿಲ್ಲ.

ಮೂರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂಬದಿಯ ಮೂಳೆ ನೋಯತೊಡಗಿತು. ಕುಂಟುವುದು ಕಾಣದಿರಲೆಂದು ಗೋಡೆ ಹಿಡಿದು ಓಡಾಡಿದೆ. ಕೊಟ್ಟಿಗೆಯಲ್ಲಿದ್ದ ಅಪ್ಪನ ಕಣ್ಣು ತಪ್ಪಿಸಲಾಗಲಿಲ್ಲ.

"ಬಾ ಇಲ್ಲಿ. ಕಾಲು ನೀಡು."

ಎತ್ತಿನ ಕಾಲು ನೋಡುವ ಹಾಗೇ ಕುಕ್ಕರಗಾಲಲ್ಲಿ ಕೂತು, ಮೂಳೆಯುದ್ದಕ್ಕೂ ಹೆಬ್ಬೆರಳು ಒತ್ತುತ್ತಾ ಬಂದ.

"ಒಂದೇ ಜಾಗ್ದಾಗೆ ಚುಳ್ ಅಂತೈತಾ, ಉದ್ದಕ್ಕೂ ನೋಯ್ತೈತಾ?"

"ಉದ್ದಕ್ಕೂ."

"ಬದುಕ್ಕಂಡೆ. ಒಂದೇ ಜಾಗ ಅಂದಿದ್ರೆ ಮೂಳೆ ಬಿರುಕು ಬುಡ್ತಾ ಐತೆ ಅಂತ. ಹಿಂಗೇ ಓಡಿದ್ರೆ ಅದೂ ಆಗೋದೇಯ. ಅಲ್ಲ ಕಣಮ್ಮಿ, ಹೊಸ ಹೋರಿಗೆ ಮೊದಲ್ನೇ ದಿನವೇ ಮೂಟೆ ಹೇರ್ತೀವಾ? ಎತ್ತಿಗೂ ಸೋಮವಾರ ರಜಾ ಐತೆ, ನಿನ್ನ ಕಾಲೇನು ಪಾಪ ಮಾಡೈತೆ?"

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ನನ್ನನ್ನೂ ಆ ಸಾಲಿಗೆ ಸೇರಿಸಿದ್ದಕ್ಕೆ ಮೈಯೆಲ್ಲ ಉರಿಯಿತು. "ನಾನೇನು ಎತ್ತಾ?" ಎಂದು ಎಗರಿಬಿದ್ದೆ.

"ಎತ್ತಾಗಿದ್ರೆ ಹೇಳಿದ್ ಮಾತು ಕೇಳ್ತಿದ್ದೆ," ಎಂದ ಅಪ್ಪ. ಒಲೆ ಮುಂದಿದ್ದ ಅಮ್ಮ ಬಿದ್ದು ಬಿದ್ದು ನಕ್ಕಳು.

ಹತ್ತು ದಿನ ಓಟ ಬಂದ್. ಆಮೇಲೆ ಟಾರಿನ ಸಹವಾಸ ಬೇಡವೆಂದು ಅಪ್ಪ ನನ್ನನ್ನು ನೀರಿಳಿದ ಕೆರೆಯಂಗಳದ ಮೆತ್ತನೆಯ ಮಣ್ಣಿಗೆ ಇಳಿಸಿದ. ಮೊದಲು ಬರೀ ನಡಿಗೆ, ಆಮೇಲೆ ಅರ್ಧ ಸುತ್ತು, ವಾರ ಕಳೆದು ಒಂದು. ಕಾಲಿನ ಅಳತೆಗೆ ಸರಿಯಾದ ಶೂ ಸಂತೆಯಿಂದ ಬಂತು. ಸೋಮವಾರ ಎತ್ತುಗಳ ಜತೆ ನಾನೂ ಹುಣಸೆ ನೆರಳಿನಲ್ಲಿ. ಅವಕ್ಕೆ ಬೇಯಿಸಿದ ಹುರುಳಿ, ನನಗೆ ಅದರದ್ದೇ ಬಸ್ಸಾರು, ಮುದ್ದೆ. ಎಂಥಾ ಸುಖ ಅಂತೀರಿ! ನೋವು ಯಾವಾಗ ಹೋಯಿತೆಂದೇ ತಿಳಿಯಲಿಲ್ಲ.

ಕೊನೆಗೆ ಕಾಗದ ಬಂತು. ಪರೀಕ್ಷೆಯ ದಿನ ನೋಡಿದರೆ ಸೋಮವಾರ!

"ಏನಪ್ಪ, ಈಗೇನ್ಮಾಡ್ತೀಯಾ?" ಎಂದು ಕೆಣಕಿದೆ.

ಅಪ್ಪ ತಲೆ ಕೆರೆದುಕೊಂಡ. "ನೊಗ ಹೂಡಬಾರ್ದು, ಅಷ್ಟೇಯ. ಖುಷೀಲಿ ಓಡಿದ್ರೆ ಯಾವ ದ್ಯಾವ್ರು ಬ್ಯಾಡ ಅಂತಾನೆ? ಭಾನುವಾರ ರಜಾ ತಗಾ."

ಮೈದಾನದ ಸುತ್ತ ತಮಿಳಿನಲ್ಲಿ "ಓಡು, ಓಡು" ಎಂದು ಕೂಗುತ್ತಿದ್ದರು. ಪುಣ್ಯಕ್ಕೆ ಆ ಮಾತು ಕನ್ನಡದಲ್ಲೂ ಅದೇ. ಓಡಿದೆ ನೋಡಿ, ಕಾಲಿದೆಯೆಂಬುದೇ ಮರೆತುಹೋಗಿತ್ತು! ಮೂರನೆಯವಳಾಗಿ ಗೆರೆ ದಾಟಿದೆ, ಅಲ್ಲೇ ಓದಿದ ಪಟ್ಟಿಯಲ್ಲಿ ಹೆಸರೂ ಬಂತು.

ಬೇಲಿಯಾಚೆ ನಿಂತಿದ್ದ ಅಪ್ಪನ ಹತ್ತಿರ ಕುಣಿದುಕೊಂಡು ಹೋದೆ. ಅಪ್ಪ ಅಷ್ಟು ಜನರ ಮುಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಒತ್ತತೊಡಗಿದ. ನನಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

"ನೋವೈತಾ?"

"ಇಲ್ಲಪ್ಪ."

ಇನ್ನೊಂದು ಕಾಲನ್ನೂ ಒತ್ತಿ ನೋಡಿದ. ಆಮೇಲೆ ತಲೆಯೆತ್ತಿ ಕೇಳಿದ:

"ಅಂಗಾರೆ ಈಗ ಹೇಳು. ಗೆದ್ಯೇನಮ್ಮಿ?"