ಮಗ್ಗದ ಸದ್ದಿನಾಗ ಕಲಿತ ಹಿಂದಿ

ಬನಹಟ್ಟಿಯ ನಮ್ಮ ಮನೆಯಲ್ಲಿ ಪವರ್‌ಲೂಮು ನಡೆದಷ್ಟು ಹೊತ್ತೂ ಹಿಂದಿ ಹಾಡು ಹಚ್ಚಿರುತ್ತಿದ್ದರು. ಕಂಡಿಕೆಗೆ ನೂಲು ಸುತ್ತುತ್ತ ನಾನೂ ಹಾಡುತ್ತಿದ್ದೆ. ಆ ಮಗ್ಗದ ಸದ್ದಿನಲ್ಲಿ ಒದರಿದರಷ್ಟೇ ನನ್ನ ದನಿ ನನಗೆ ಕೇಳುತ್ತಿತ್ತು. ನನಗೆ ಬಂದ ಹಿಂದಿಯೆಲ್ಲ ಹಾಗೆ ಬಂದದ್ದು.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಬ್ಯಾಂಕಿನ ನೌಕರಿಯನ್ನೂ ಓದಿಯೇ ಹಿಡಿದೆ. ಈಗ ಬಂದಿರುವ ಮ್ಯಾನೇಜರಿಗೆ ಕನ್ನಡ ಬರುವುದಿಲ್ಲ. ಅವ್ವನ ಕಣ್ಣಿನ ಆಪರೇಷನ್ನಿಗೆಂದು ಮೊನ್ನೆ ಅವರ ಹತ್ತಿರ ಹಿಂದಿಯಲ್ಲಿ ಒಂದು ದಿನ ರಜೆ ಕೇಳಿದೆ. ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಸಾವಕಾಶ ಮಾತಾಡ್ರಿ ಅಕ್ಕಾರ, ಸಾಹೇಬ್ರೇನು ಮಗ್ಗದ ಮುಂದ ಕುಂತಿಲ್ಲ" ಅಂದ ನಮ್ಮ ಜವಾನ.

ಜಗಳಕ್ಕೆ ಬಂದೆನೆಂದು ತಿಳಿದ ಮ್ಯಾನೇಜರು ಮುಖ ಗಂಟಿಕ್ಕಿ ಅರ್ಧ ದಿನ ಕೊಟ್ಟರು. ಉಳಿದರ್ಧ ಕೇಳಬೇಕೆಂದರೆ ಮತ್ತೆ ಹಿಂದಿ ಮಾತಾಡಬೇಕಿತ್ತು. ಒಮ್ಮೆ ಮಾತಾಡಿದ್ದೇ ಸಾಕಾಗಿತ್ತು, ಬಂದು ನನ್ನ ಕೌಂಟರಿನಲ್ಲಿ ಕೂತೆ.