ದೊಡ್ಡಮ್ಮನ ಕಿವಿ

ಹೋಟೆಲುಗಳ ಚಾದರ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವ ಆ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಅವಳ ತಂಗಿಯ ಮಗಳೊಬ್ಬಳಿಗೇ. ತಂಗಿ ಹೆರಿಗೆಯಾದ ವಾರದಲ್ಲೇ ತೀರಿಕೊಂಡಿದ್ದಳು. ತಂಗಿಯ ಗಂಡ ಲಾರಿ ಓಡಿಸುವವನು, ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ಮದುವೆಯ ಗೋಜಿಗೇ ಹೋಗದ ದೊಡ್ಡಮ್ಮ ಕೂಸನ್ನು ತನ್ನ ಒಂಟಿ ಕೋಣೆಗೆ ತಂದಳು. ಮಾತು ಬಂದಾಗ ನೋಡಿದರೆ ಗಾತ್ರ ಕಾಳಿನಷ್ಟು, ನಾಲಿಗೆ ಮಾತ್ರ ಖಾರ. ಹಾಗಾಗಿ ಅದಕ್ಕೆ ಮೆಣಸು ಎಂಬ ಹೆಸರೇ ನಿಂತುಹೋಯಿತು.

ನಿದ್ದೆ ಬರಬೇಕಾದರೆ ಮೆಣಸಿಗೆ ದೊಡ್ಡಮ್ಮನ ಎಡಗಿವಿ ಬೇಕು. ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ತೀಡುತ್ತ ತೀಡುತ್ತ ಕಣ್ಣು ಮುಚ್ಚುವಳು. ಚುಚ್ಚೀತೆಂದು ದೊಡ್ಡಮ್ಮ ಓಲೆ ಹಾಕುವುದನ್ನೇ ಬಿಟ್ಟಿದ್ದಳು.

"ಇಲ್ಲಿ ಮೇಸ್ತ್ರಿ ಕಿವಿ ಹಿಂಡ್ತಾನೆ, ಮನೇಲಿ ಇವಳು. ಈ ಕಿವಿ ನಂದು ಅನ್ನೋದೇ ಮರ್ತೋಗಿದೆ ನಂಗೆ" ಎಂದು ಲಾಂಡ್ರಿಯಲ್ಲಿ ನಗುತ್ತಿದ್ದಳು. ನಗುವಾಗ ಅವಳ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು.

ಮೆಣಸಿಗೆ ಐದು ತುಂಬಿದ ಮೇಲೆ ಒಂದು ಮಧ್ಯಾಹ್ನ ಅವಳಪ್ಪ ಬಂದ. ತಲೆ ಬಾಚಿದ್ದ, ಅಂಗಿಯ ಮಡಿಕೆ ಇನ್ನೂ ಹೊಸದಾಗಿತ್ತು. ಮರುಮದುವೆಯಾಗಿದ್ದ. ಲಾರಿ ಬಿಟ್ಟು ಕಾರ್ಖಾನೆಯೊಂದರ ವ್ಯಾನು ಓಡಿಸುತ್ತಿದ್ದ.

"ಅಕ್ಕಾ, ನೀವು ಮಾಡಿದ್ದನ್ನ ಮರೆಯೋ ಹಾಗಿಲ್ಲ. ಇವಳನ್ನ ನಾನಿರೋ ಊರಲ್ಲೇ ಶಾಲೆಗೆ ಸೇರಿಸ್ತೀನಿ. ನನ್ನ ಹೆಂಡ್ತೀನೂ ಮಗೂನ ಕರ್ಕೊಂಡು ಬನ್ನಿ ಅಂತಿದಾಳೆ."

ಕೆಟ್ಟವನಾಗಿದ್ದರೆ ಜಗಳವಾಡಬಹುದಿತ್ತು. ದೊಡ್ಡಮ್ಮ ಅವನ ಮುಂದೆ ನೀರಿನ ಲೋಟ ಇಟ್ಟಳು. "ನಿನ್ನ ಮಗು. ಬೇಡ ಅನ್ನೋಕೆ ನಾನ್ಯಾರಪ್ಪ? ಈ ತಿಂಗಳು ಮುಗೀಲಿ."

ಹೊಸ್ತಿಲ ಮೇಲೆ ಕೂತು ಅಪ್ಪನ ಚಪ್ಪಲಿಯಲ್ಲಿ ಕಾಲು ತೂರಿಸಿಕೊಂಡಿದ್ದ ಮೆಣಸು ಅದನ್ನು ಕೇಳಿ ಕಾಲು ಹೊರಗೆಳೆದುಕೊಂಡಳು.

ಅಂದು ದೀಪ ಆರಿಸಿ ದೊಡ್ಡಮ್ಮ ಎಂದಿನಂತೆ ಮಗುವಿನತ್ತ ತಲೆ ವಾಲಿಸಿದಳು. ಕೈ ಬರಲಿಲ್ಲ. ಮೆಣಸು ಎರಡೂ ಕೈಗಳನ್ನು ಬೆನ್ನ ಕೆಳಗೆ ಹಾಕಿಕೊಂಡು ಅಂಗಾತ ಮಲಗಿದ್ದಳು.

"ಯಾಕೆ, ಕಿವಿ ಬೇಡ್ವಾ?"

"ಬೇಡ."

"ನನ್ ಮೇಲೆ ಕೋಪಾನಾ?"

"ಇಲ್ಲ. ಅಲ್ಲಿ ನಿನ್ ಕಿವಿ ಇರಲ್ವಲ್ಲ. ಅದಕ್ಕೇ ಈಗ್ಲೇ ರೂಢಿ ಮಾಡ್ಕೋತಿದೀನಿ."

ದೊಡ್ಡಮ್ಮ ತಲೆಯನ್ನು ಇನ್ನಷ್ಟು ಹತ್ತಿರ ತಂದಳು. "ಹೋಗೋವರೆಗಾದ್ರೂ ಹಿಡ್ಕೊಳ್ಳೇ."

"ಹಿಡ್ಕೊಂಡ್ರೆ ಆಮೇಲೆ ಬಿಡಕ್ಕಾಗಲ್ಲ ದೊಡ್ಡಮ್ಮ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಕೈ ಮೆಲ್ಲಗೆ ಹೊರಬರುವುದು, ಮೆಣಸು ಅದನ್ನು "ಸುಮ್ನಿರು" ಎಂದು ಗದರಿ ಮತ್ತೆ ಬೆನ್ನ ಕೆಳಗೆ ತಳ್ಳುವುದು. ಬೆಳಿಗ್ಗೆ ಅವಳ ಕಣ್ಣು ಕೆಂಪಾಗಿರುತ್ತಿತ್ತು. ಲಾಂಡ್ರಿಯಲ್ಲಿ ದೊಡ್ಡಮ್ಮ ಒಗೆಯದ ಚಾದರಕ್ಕೇ ಇಸ್ತ್ರಿ ಹಾಕಿ ಬೈಸಿಕೊಂಡಳು.

ಒಮ್ಮೆ ನಿದ್ದೆಗಣ್ಣಿನಲ್ಲಿ ಆ ಪುಟ್ಟ ಕೈ ತಾನಾಗಿ ಬಂದು ದಿಂಬನ್ನು ತಡವಿತು. ಕಿವಿ ಬೆರಳಿಗೆ ಗೇಣು ದೂರದಲ್ಲಿತ್ತು. ಚೂರು ಸರಿದರೆ ಸಾಕು, ಮಗುವಿಗೆ ಗೊತ್ತೂ ಆಗುವುದಿಲ್ಲ. ದೊಡ್ಡಮ್ಮ ತಲೆಯನ್ನು ಅರ್ಧ ಎತ್ತಿದಳು. ಆಮೇಲೆ, ಅಷ್ಟು ಕಷ್ಟಪಟ್ಟು ಕಲಿತದ್ದನ್ನು ತಾನು ಕೆಡಿಸಬಾರದೆಂದು ಆ ಕೈಯನ್ನೆತ್ತಿ ಮಗುವಿನ ಎದೆಯ ಮೇಲೇ ಇಟ್ಟಳು. ತಾನು ಗೋಡೆಯ ಕಡೆ ತಿರುಗಿದಳು.

ತಿಂಗಳು ಮುಗಿಯಿತು. ವ್ಯಾನು ಹತ್ತುವಾಗ ಮೆಣಸು ಅಳಲಿಲ್ಲ. "ಬಾಗಿಲು ಸರಿಯಾಗಿ ಹಾಕ್ಕೋ, ಒಬ್ಳೇ ಇರ್ತೀಯ" ಎಂದು ಮನೆಯ ಹಿರಿಯಳಂತೆ ಬುದ್ಧಿ ಹೇಳಿದಳು. ಆಮೇಲೆ ಕೋಣೆಯಲ್ಲಿ ಮಾತಿಗೆ ಮಾತು ಕೊಡುವವರಿಲ್ಲದೆ ದೊಡ್ಡಮ್ಮ ರಜಾದಿನಗಳಲ್ಲೂ ಕೆಲಸ ಕೇಳಿಕೊಂಡು ಮಾಡಿದಳು.

ಬೇಸಿಗೆ ರಜೆಗೆ ಮೆಣಸು ಬಂದಳು. ಎತ್ತರವಾಗಿದ್ದಳು, ಎರಡು ಜಡೆ ಬಂದಿತ್ತು. ಊಟದ ತಟ್ಟೆಯ ಮುಂದೆ ಕೂತು ಶಾಲೆಯ ಸುದ್ದಿಯೆಲ್ಲ ಹೇಳುತ್ತ, "ಜಡೆ ಅಮ್ಮ ಹಾಕಿದ್ದು" ಎಂದವಳು ತಟ್ಟನೆ ಮಾತು ನಿಲ್ಲಿಸಿ ದೊಡ್ಡಮ್ಮನ ಮುಖ ನೋಡಿದಳು.

"ಅಮ್ಮನ್ನ ಅಮ್ಮ ಅನ್ನದೆ ಇನ್ನೇನಂತಾರೆ? ಜಡೆ ಚೆನ್ನಾಗಿದೆ ಕಣೆ. ಉಣ್ಣು, ತಣ್ಣಗಾಗುತ್ತೆ."

ಉಂಡ ಮೇಲೆ ಮೆಣಸು ಚಾಪೆಯ ಮೇಲೆ ಉರುಳಿದವಳೇ ಕಿವಿ ಕೇಳದೆ ನಿದ್ದೆ ಹೋದಳು. ದೊಡ್ಡಮ್ಮ ಪಾತ್ರೆಗಳನ್ನು ಹಾಗೇ ಬಿಟ್ಟು ಬಾಗಿಲಲ್ಲಿ ಕಾಲು ಚಾಚಿ ಕೂತಳು. ಬೀದಿಯಲ್ಲಿ ಯಾರೋ ಅಂಗಡಿ ಮುಚ್ಚುತ್ತ ಹಲಗೆಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದರು. ಒಳಗೆ ಮಗುವಿನ ಉಸಿರು ಒಂದೇ ಸಮನೆ ಕೇಳಿಸುತ್ತಿತ್ತು.