ಕಡಲಿಗೆ ಕಲ್ಲು ನೆಟ್ಟವರಾರು?

ಹಿಮಯುಗದ ಪಾಠ ಮಾಡುವಾಗ ನಾನು ಎಂದೂ ತಡವರಿಸಿದವನಲ್ಲ. ಭೂಮಿ ತಣ್ಣಗಾದಾಗ ನೀರು ಹಿಮಗಡ್ಡೆಯಾಗಿ ನೆಲದ ಮೇಲೆ ಕೂತಿತು, ಸಮುದ್ರ ಇವತ್ತಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿಳಿಯಿತು; ಕಾವು ಏರಿದಾಗ ಗಡ್ಡೆ ಕರಗಿ, ಸಾವಿರಾರು ವರ್ಷಗಳಲ್ಲಿ ಸಮುದ್ರ ಮತ್ತೆ ಮೇಲೆ ಬಂತು. ಯಲಬುರ್ಗಾದ ಹೈಸ್ಕೂಲಿನಲ್ಲಿ ಇದನ್ನು ಹಲಗೆಯ ಮೇಲೆ ಎರಡು ಗೆರೆ ಎಳೆದು ಮುಗಿಸುತ್ತಿದ್ದೆ. ಸಮುದ್ರ ನೋಡಿದ ಮಕ್ಕಳೇ ಅಲ್ಲಿರಲಿಲ್ಲ, ಹಾಗಾಗಿ ಪ್ರಶ್ನೆಗಳೂ ಬರುತ್ತಿರಲಿಲ್ಲ.

ಪ್ರಶ್ನೆ ಬಂದದ್ದು ಅಣ್ಣನಿಂದ. ಅವನ ಮಗಳಿಗೆ ಕುಮಟಾದಿಂದ ಸಂಬಂಧ ಬಂದಿತ್ತು. ವರ ಕುಷ್ಟಗಿ ಕಡೆಯವನೇ. ಅವನ ಅಪ್ಪ ನೌಕರಿಗೆಂದು ಹೋಗಿ, ಕಡಲ ದಂಡೆಗೆ ಹತ್ತಿರ ಮನೆ ಕಟ್ಟಿಸಿಕೊಂಡು ಅಲ್ಲೇ ನಿಂತಿದ್ದರು. ಹುಡುಗಿ ಒಪ್ಪಿದ್ದಳು. ಅಣ್ಣನಿಗೆ ಮಾತ್ರ ನೀರಿನ ಭಯ. ನಮ್ಮ ಅಜ್ಜನ ಊರು ತುಂಗಭದ್ರೆಯ ಹಿನ್ನೀರಿನಲ್ಲಿ ಮುಳುಗಿದ್ದು. ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಸರ್ವೆಯವರು ಮೊದಲೇ ಕಲ್ಲು ನೆಟ್ಟು ಹೋಗಿದ್ದರಂತೆ. ಕಲ್ಲಿನ ಒಳಗಿದ್ದವರು ಗಂಟುಮೂಟೆ ಕಟ್ಟಿದರು, ಹೊರಗಿದ್ದವರು ಉಳಿದರು. ನಮ್ಮ ಮನೆಯಲ್ಲಿ ಇವತ್ತಿಗೂ ಕೆಟ್ಟ ಜಾಗಕ್ಕೆ 'ಕಲ್ಲಿನ ಒಳಗಿನದು' ಎನ್ನುತ್ತಾರೆ.

ಮನೆ ನೋಡಲು ಕುಮಟಾಕ್ಕೆ ಹೋದಾಗ, ಚಹಾದ ಕಪ್ಪು ಕೈಯಲ್ಲಿ ಹಿಡಿದೇ ಅಣ್ಣ ವರನ ಅಪ್ಪನನ್ನು ಕೇಳಿಬಿಟ್ಟ.

"ನಿಮ್ಮ ಮನಿ ಕಲ್ಲಿನ ಒಳಗ ಐತೋ, ಹೊರಗ ಐತೋರಿ?"

"ಯಾವ ಕಲ್ರಿ?" ಅವರು ಕಕ್ಕಾಬಿಕ್ಕಿಯಾದರು.

"ಸಮುದ್ರ ಏರಾಕತ್ತೈತಿ ಅಂತಾರಲ್ರಿ. ಎಲ್ಲಿತನಕ ಬರತೈತಿ ಅಂತ ಕಲ್ಲು ಹಾಕಿರಬೇಕಲ್ಲ?"

ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ಅವನನ್ನು ದಂಡೆಗೆ ಎಳೆದುಕೊಂಡು ಹೋಗಿ, ಕಡಲಿಗೆ ಯಾರೂ ಕಲ್ಲು ನೆಡುವುದಿಲ್ಲ ಮಾರಾಯ ಎಂದು ಹಿಮಯುಗದಿಂದಲೇ ಶುರು ಮಾಡಿದೆ.

"ಹಂಗಾರ ಮೊದಲ ದಂಡಿ ಎಲ್ಲಿತ್ತು?"

"ಭಾಳ ದೂರ, ಅಲ್ಲಿ ಒಳಗ." ನೀರಿನ ಕಡೆ ಕೈ ತೋರಿಸಿದೆ.

"ಅಲ್ಲಿ ಮಂದಿ ಇದ್ರೇನು?"

"ಇದ್ದಿರಬೇಕು."

"ಅವರಿಗೆ ಎದ್ದು ಹೋಗ್ರಿ ಅಂತ ಯಾರು ಹೇಳಿದ್ರು?"

ಆಗಿನ ಏರಿಕೆಗೆ ಸಾವಿರಾರು ವರ್ಷ ಹಿಡಿದಿತ್ತು, ಈಗಿನದಕ್ಕೆ ನಾವೇ ಕಾರಣ, ಎಷ್ಟು ಬೇಗ ಏರುತ್ತದೆ ಎಂಬುದು ನಾವು ಬಿಡುವ ಹೊಗೆಯ ಮೇಲಿದೆ ಎಂದೆಲ್ಲ ಹೇಳುತ್ತ ಹೋದಂತೆ ನನಗೇ ಗೋಜಲಾಯಿತು. ಕಡಲು ಹಿಂದೆಯೂ ಏರಿತ್ತು ಅನ್ನುವುದು ಧೈರ್ಯದ ಮಾತೋ, ಹೆದರಿಕೆಯ ಮಾತೋ? ಇಷ್ಟು ವರ್ಷ ಪಾಠ ಮಾಡಿದವನಿಗೆ ಅದೇ ಗೊತ್ತಿರಲಿಲ್ಲ.

"ಅದೆಲ್ಲಾ ಇರಲಿ. ನೀ ಸಾಲಿ ಮಾಸ್ತರ ಅದಿ. ಹುಡುಗಿನ್ನ ಕೊಡ್ಲೋ ಬ್ಯಾಡೋ, ಅಷ್ಟು ಹೇಳು."

"ಕೊಡಣ್ಣಾ" ಅಂದೆ. ತಿಳಿದು ಅಂದೆನೋ, ಆ ಮನೆಯವರೆದುರು ಆದ ಮುಜುಗರ ಅಲ್ಲಿಗೇ ಮುಗಿಯಲಿ ಎಂದು ಅಂದೆನೋ, ಇವತ್ತಿಗೂ ಬಗೆಹರಿದಿಲ್ಲ.

ಮದುವೆಯಾಯಿತು. ಹೋದ ತಿಂಗಳು ಅಣ್ಣನ ಮಗಳು ಬಾಣಂತನ ಮುಗಿಸಿ ಕೂಸಿನೊಡನೆ ಗಂಡನ ಮನೆಗೆ ಹೊರಟಿದ್ದಳು. ಕೊಪ್ಪಳದ ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋಗಿದ್ದೆ.

"ಕಾಕಾ, ನೀವು ಕೊಡು ಅಂದಿದ್ದಕ್ಕ ಅಪ್ಪ ಒಪ್ಪಿದ. ಮನಿ ಮಂದಿ ಭಾಳ ಛಲೋ ಅದಾರ" ಎಂದಳು. ಆಮೇಲೆ ಕೂಸಿನ ತಲೆಯ ಕುಲಾವಿ ಸರಿಮಾಡುತ್ತ, "ಇದು ದೊಡ್ಡದಾಗೂದ್ರಾಗ ನೀರು ಬರೂದಿಲ್ಲ, ಹೌದಲ್ರಿ?" ಎಂದು ಕೇಳಿದಳು.

"ಇಲ್ಲವ್ವ" ಅಂದೆ. ಅಷ್ಟು ಬೇಗ ಉತ್ತರ ಬಂದದ್ದಕ್ಕೆ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು.